ಕಾಮ್ ವಾ ಚುಂಗ್: ಬೀಗದ ಹಿಂದೆ ಉಳಿದ ಚೀನೀ ಬದುಕು

ಅಮೆರಿಕದ ವಾಯವ್ಯ ಮೂಲೆಯ ಆರೆಗನ್ ರಾಜ್ಯವೆಂದೊಡನೆ ಶಾಂತಸಾಗರದ ಕರಾವಳಿ, ದಟ್ಟವಾದ ವನರಾಜಿ, ಎಡೆಬಿಡದ ಮಳೆ ಇವೇ ಮನಸ್ಸಿಗೆ ಬರುವುದು ವಾಡಿಕೆ. ಆದರೆ ಕ್ಯಾಸ್ಕೇಡ್ ಪರ್ವತಶ್ರೇಣಿಯನ್ನು ದಾಟಿ ಮೂಡಣಕ್ಕೆ ಸಾಗಿದಂತೆಲ್ಲ ಮಳೆಯೂ ಮರವೂ ವಿರಳವಾಗಿ, ಒಣಹುಲ್ಲಿನ ಬೋಳುಗುಡ್ಡಗಳೂ ದನಗಳ ವಿಶಾಲವಾದ ಹುಲ್ಲುಗಾವಲುಗಳೂ ತೆರೆದುಕೊಳ್ಳುವ ಬೇರೆಯೇ ಒಂದು ಸೀಮೆ ಅದೇ ರಾಜ್ಯದಲ್ಲಿ ಉಂಟು. ಆ ಸೀಮೆಯ ನಡುವೆ, ಪೋರ್ಟ್‌ಲೆಂಡ್ ನಗರದಿಂದ ಸುಮಾರು ಐದು ತಾಸುಗಳ ರಸ್ತೆಪ್ರಯಾಣದ ದೂರದಲ್ಲಿ, ಎರಡು ಸಾವಿರಕ್ಕೂ ಕಡಿಮೆ ಜನವಸತಿಯ ಜಾನ್ ಡೇ ಎಂಬ ಊರಿದೆ. ಊರಿನ ಉದ್ಯಾನದ ಬಳಿ, ಕೆಳಗೆ ದಪ್ಪವಾದ ಕಲ್ಲುಗೋಡೆ, ಮೇಲೆ ಮರದ ಅಂತಸ್ತು, ಸಣ್ಣ ಕಿಟಕಿಗಳು, ತಗಡು ಹೊದಿಸಿದ ಬಾಗಿಲು ಇಷ್ಟೇ ಆಗಿರುವ ಒಂದು ಮುದಿ ಕಟ್ಟಡ ನಿಂತಿದೆ. ಯಾತ್ರಿಕನನ್ನು ಸೆಳೆಯುವ ಶಿಲ್ಪವಾಗಲಿ ಶೃಂಗಾರವಾಗಲಿ ಅದಕ್ಕಿಲ್ಲ. ಅದರ ಹೆಸರು ಕಾಮ್ ವಾ ಚುಂಗ್. ಅಮೆರಿಕಕ್ಕೆ ವಲಸೆ ಹೋದ ಚೀನೀಯರ ಬಾಳನ್ನು ಕುರಿತು ಇಷ್ಟು ಪ್ರಾಮಾಣಿಕವಾಗಿ ಸಾಕ್ಷ್ಯ ನುಡಿಯುವ ಇನ್ನೊಂದು ಮನೆಯನ್ನು ನಾನರಿಯೆ.

ಹೊರನಾಡುಗಳಲ್ಲಿ ನೆಲಸಿದ ಚೀನೀಯರ ಪರಂಪರೆಯನ್ನು ತೋರಿಸುವ ವಸ್ತುಸಂಗ್ರಹಾಲಯಗಳು ಪ್ರಪಂಚದಲ್ಲಿ ಅನೇಕವಿವೆ. ಆಸ್ಟ್ರೇಲಿಯದ ಬೆಂಡಿಗೋ ಪಟ್ಟಣದಲ್ಲಿ, ಚಿನ್ನದ ಗಣಿಗಳಿಗೆಂದು ಬಂದವರ ಸಂತತಿ ಈಸ್ಟರ್ ಮೆರವಣಿಗೆಯಲ್ಲಿ ಹೊತ್ತು ಕುಣಿಸುತ್ತಿದ್ದ, ನೂರು ಮೀಟರಿನಷ್ಟು ಉದ್ದದ 'ಸುನ್ ಲೂಂಗ್' ಎಂಬ ಡ್ರ್ಯಾಗನ್ ಇದೆ. ಸಿಂಗಪುರದ ಪೆರನಾಕನ್ ಸಂಗ್ರಹಾಲಯದಲ್ಲಿ ಮಣಿಕಸೂತಿಯ ಪಾದರಕ್ಷೆಗಳೂ ಕೆತ್ತನೆಯ ಮದುವೆಮಂಚವೂ ಬಣ್ಣಬಣ್ಣದ ಪಿಂಗಾಣಿಯೂ ಇವೆ. ಇವುಗಳ ಸೌಂದರ್ಯವನ್ನಾಗಲಿ ಇವನ್ನು ಕಾಪಾಡಿದವರ ಶ್ರದ್ಧೆಯನ್ನಾಗಲಿ ಕಡಿಮೆಯೆಂದು ಹೇಳಲು ಯಾರಿಗೂ ಬಾಯಿ ಬಾರದು. ಆದರೆ ಇವೆಲ್ಲ ಹಬ್ಬದ ವಸ್ತುಗಳು, ಮದುವೆಯ ವಸ್ತುಗಳು. ಒಂದು ಸಮುದಾಯವು ತನ್ನನ್ನು ಹೇಗೆ ಕಾಣಬೇಕೆಂದು ಇತರರನ್ನು ಕೋರಿತೋ ಆ ರೂಪ ಇವುಗಳಲ್ಲಿದೆ. ದಿನದಿನದ ಬಾಳುವೆ ಯಾರ ಆಯ್ಕೆಗೂ ಒಳಪಡದೆ, ಇದ್ದುದು ಇದ್ದಂತೆಯೇ, ಧೂಳೂ ಮಸಿಯೂ ಸಹಿತವಾಗಿ ಉಳಿದುಬರುವುದು ಬಹು ಅಪೂರ್ವ. ಜಾನ್ ಡೇಯಲ್ಲಿ ಉಳಿದಿರುವುದು ಅದು. ಮತ್ತು ಅದು ಉಳಿದುದು ಜನರ ಮರೆವಿನ ದೆಸೆಯಿಂದ.

1862ರಲ್ಲಿ ಈ ಕಣಿವೆಯ ಕ್ಯಾನ್ಯನ್ ಕ್ರೀಕ್ ಎಂಬ ತೊರೆಯಲ್ಲಿ ಚಿನ್ನ ಕಂಡಿತು. ಸುದ್ದಿ ಹಬ್ಬಿದೊಡನೆ ಬಿಳಿಯ ಗಣಿಗಾರರು ಸಾವಿರಗಟ್ಟಲೆ ಬಂದು, ಸುಲಭವಾಗಿ ದಕ್ಕುವ ಚಿನ್ನವನ್ನು ಬಾಚಿಕೊಂಡು ಮುಂದಿನ ತೊರೆಗೆ ಹೋದರು. ಅವರು ಬಿಟ್ಟುಹೋದ ಕಲ್ಲುಮಣ್ಣನ್ನು ಮತ್ತೆ ತೊಳೆದು, ಅಳಿದುಳಿದ ಹೊನ್ನಿನ ಕಣಗಳನ್ನು ಸಹನೆಯಿಂದ ಆರಿಸಿ ಜೀವಿಸಲು ಬಂದವರು ಚೀನೀಯರು. ಇವರಲ್ಲಿ ಬಹುಪಾಲು ಜನ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದವರು, ಅದರಲ್ಲಿಯೂ ತಾಯ್‌ಶಾನ್ ಮತ್ತು ಅದರ ನೆರೆಯ ತಾಲ್ಲೂಕುಗಳವರು. ಅಂತರ್ಯುದ್ಧದಿಂದಲೂ ಕುಲಕಲಹಗಳಿಂದಲೂ ಜರ್ಝರಿತವಾಗಿ, ಇದ್ದ ನೆಲ ಇದ್ದ ಬಾಯಿಗಳಿಗೆ ಸಾಲದಾಗಿದ್ದ ಆ ಸೀಮೆಯಿಂದ ಗಂಡಸರು ಸಾಲ ಮಾಡಿ ಹಡಗೇರಿ, 'ಚಿನ್ನದ ಬೆಟ್ಟ'ವೆಂದು ತಾವು ಕರೆಯುತ್ತಿದ್ದ ಅಮೆರಿಕಕ್ಕೆ ಬರುತ್ತಿದ್ದರು. 1879ರ ಒಂದು ಲೆಕ್ಕದ ಪ್ರಕಾರ ಈ ಗಣಿಸೀಮೆಯಲ್ಲಿ ಬಿಳಿಯರು 960 ಮಂದಿ, ಚೀನೀಯರು 2,468 ಮಂದಿ.

ಸಂಖ್ಯೆಯಲ್ಲಿ ಇಷ್ಟು ಮಿಗಿಲಾಗಿದ್ದವರು ಹಕ್ಕಿನಲ್ಲಿ ಶೂನ್ಯರಾಗಿದ್ದರು. ಆರೆಗನ್ ರಾಜ್ಯವಾಗಿ ರೂಪುಗೊಂಡಾಗಲೇ, ತರುವಾಯ ಬಂದು ನೆಲಸುವ ಯಾವ ಚೀನೀಯನೂ ಅಲ್ಲಿ ಭೂಮಿಯನ್ನಾಗಲಿ ಗಣಿಯನ್ನಾಗಲಿ ಹೊಂದಕೂಡದೆಂಬ ವಿಧಿಯನ್ನು ಅದರ ಸಂವಿಧಾನದಲ್ಲಿ ಬರೆದಿದ್ದರು. ಆ ವಿಧಿಯನ್ನು ತೆಗೆದುಹಾಕಿದುದು 1946ರಲ್ಲಿ. 1882ರಲ್ಲಿ ಅಮೆರಿಕದ ಕಾಂಗ್ರೆಸ್ಸು ಚೀನೀ ಕೂಲಿಗಾರರ ಪ್ರವೇಶವನ್ನೇ ನಿಷೇಧಿಸುವ ಶಾಸನವನ್ನು ಮಾಡಿತು. 1885ರಲ್ಲಿ ಜಾನ್ ಡೇಗೆ ಅನತಿದೂರದ ಕ್ಯಾನ್ಯನ್ ಸಿಟಿಯಲ್ಲಿ ಚೀನೀಯರ ಕೇರಿ ಬೆಂಕಿಗೆ ಆಹುತಿಯಾದಾಗ, ಮನೆಗಳನ್ನು ಮತ್ತೆ ಕಟ್ಟಿಕೊಳ್ಳುವುದಕ್ಕೆ ಊರಿನವರು ಎಡೆಗೊಡಲಿಲ್ಲ. ನಿರಾಶ್ರಿತರು ತಮ್ಮ ಗಂಟುಮೂಟೆಗಳೊಡನೆ ಜಾನ್ ಡೇಗೆ ಬಂದರು. ಮತ್ತೆರಡು ವರ್ಷಕ್ಕೆ, 1887ರಲ್ಲಿ, ಇದೇ ಪೂರ್ವ ಆರೆಗನ್ನಿನ ಹೆಲ್ಸ್ ಕ್ಯಾನ್ಯನ್ ಕಮರಿಯಲ್ಲಿ ಚಿನ್ನ ತೊಳೆಯುತ್ತಿದ್ದ ಚೀನೀಯರನ್ನು, ಅವರ ಸಂಖ್ಯೆ ಮೂವತ್ತನ್ನು ಮೀರಿತ್ತೆಂದು ಹೇಳುತ್ತಾರೆ, ಕುದುರೆಗಳ್ಳರ ಒಂದು ತಂಡ ಗುಂಡಿಕ್ಕಿ ಕೊಂದಿತು. ವಿಚಾರಣೆಗೆ ನಿಂತ ಮೂವರನ್ನೂ ನ್ಯಾಯಾಲಯ ಬಿಡುಗಡೆ ಮಾಡಿತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಇಂಥ ಕಾಲದಲ್ಲಿ, ಇಂಥ ನೆಲದಲ್ಲಿ, ಇಬ್ಬರು ಯುವಕರು ಜಾನ್ ಡೇಯ ಈ ಕಟ್ಟಡದಲ್ಲಿ ಅಂಗಡಿ ಹೂಡಿದರು. 1860ರ ದಶಕದಲ್ಲಿ ಸೈನಿಕ ರಸ್ತೆಯ ಪಕ್ಕದ ವ್ಯಾಪಾರದ ಠಾಣೆಯಾಗಿ ಕಟ್ಟಿದ್ದ ಅದನ್ನು ಅವರು ವಹಿಸಿಕೊಂಡುದು 1880ರ ದಶಕದ ಕೊನೆಯಲ್ಲಿ. ಒಬ್ಬನ ಹೆಸರು ಲುಂಗ್ ಆನ್. ಇನ್ನೊಬ್ಬನು ಇಂಗ್ ಹೇ. ಲುಂಗ್ ಆನ್ ಓದುಬರಹ ಬಲ್ಲವನು, ಇಂಗ್ಲಿಷನ್ನು ಸರಾಗವಾಗಿ ಆಡುವವನು, ಪಾಶ್ಚಾತ್ಯ ಉಡುಪು ಧರಿಸಿ ಬಿಳಿಯರೊಡನೆ ಸಲೀಸಾಗಿ ವ್ಯವಹರಿಸುವವನು. ಕುದುರೆಜೂಜಿನಲ್ಲಿ ಆಸಕ್ತ, ಕೂಲಿಗಾರರನ್ನು ಒದಗಿಸುವ ಗುತ್ತಿಗೆದಾರ, ಮುಂದೆ ಮೋಟಾರುಗಾಡಿಗಳ ವ್ಯಾಪಾರಕ್ಕೂ ಕೈಹಾಕಿದ ಸಾಹಸಿ. ಇಂಗ್ ಹೇ ಮಿತಭಾಷಿ, ದೈವಭಕ್ತ, ಗಿಡಮೂಲಿಕೆಗಳ ವೈದ್ಯ. ಊರಿನವರ ಬಾಯಲ್ಲಿ 'ಡಾಕ್ ಹೇ'. ಸ್ವಭಾವದಲ್ಲಿ ಇಷ್ಟೊಂದು ಭಿನ್ನರಾದ ಇವರು ಅರ್ಧ ಶತಮಾನಕ್ಕೂ ಮೀರಿ ಒಂದೇ ಸೂರಿನಡಿ ಪಾಲುದಾರರಾಗಿ, ಮಿತ್ರರಾಗಿ, ಒಬ್ಬರಿಗೊಬ್ಬರು ಬಂಧುಗಳಾಗಿ ಬಾಳಿದರು.

ಅಂಗಡಿಯೆಂದರೆ ಬರಿಯ ಅಂಗಡಿಯಾಗಿರಲಿಲ್ಲ. ಅಕ್ಕಿ, ಚಹಾ, ಹೊಗೆಸೊಪ್ಪು, ಡಬ್ಬಿಯ ಪದಾರ್ಥಗಳು, ಗಣಿಯ ಹತಾರಗಳು ಇಲ್ಲಿ ಮಾರಾಟಕ್ಕಿದ್ದುವು. ಕೆಲಸ ಅರಸಿ ಬಂದವನಿಗೆ ಇಲ್ಲಿಯೇ ಕೂಲಿ ಗೊತ್ತಾಗುತ್ತಿತ್ತು. ದೂರದ ಗುಡ್ಡಗಳಿಂದ ಬಂದವನು ಅಡಿಗೆಮನೆಯ ಅಟ್ಟಣೆಯ ಹಾಸುಗೆಯಲ್ಲಿ ಮಲಗುತ್ತಿದ್ದನು. ಓದುಬಾರದವನ ಪತ್ರವನ್ನು ಓದಿ ಹೇಳುವವರೂ ಅವನ ಪರವಾಗಿ ಊರಿಗೆ ಬರೆಯುವವರೂ ಇಲ್ಲಿದ್ದರು. ಸಂಜೆಯ ಹೊತ್ತು ಜೂಜು, ಅಫೀಮು, ಹರಟೆಗಳೂ ಇಲ್ಲಿಯೇ. ಈ ಕೊನೆಯವನ್ನು ಮುಚ್ಚಿಡಲು ಸಂಗ್ರಹಾಲಯದವರು ಯತ್ನಿಸಿಲ್ಲವೆಂಬುದು ನನಗೆ ಮೆಚ್ಚಿಗೆಯಾದ ಸಂಗತಿ. ಮದ್ಯನಿಷೇಧದ ಕಾಲದಲ್ಲಿ ಬಚ್ಚಿಟ್ಟಿದ್ದ ವಿಸ್ಕಿಯ ಸೀಸೆಗಳು ಸಹ ತರುವಾಯ ಈ ಕಟ್ಟಡದಲ್ಲಿ ದೊರೆತುವು. ಹೆಂಡಿರುಮಕ್ಕಳಿಂದ ಸಾವಿರಾರು ಮೈಲಿ ದೂರದಲ್ಲಿ, ಹೊರಗೆ ಕಾಲಿಟ್ಟರೆ ಹಗೆಯನ್ನೇ ಎದುರಿಸಬೇಕಾಗಿದ್ದ ಗಂಡಸರ ಏಕಾಂತವನ್ನು ಅರಿಯಬೇಕಾದರೆ ಪೂಜಾಪಾತ್ರೆಯಷ್ಟೇ ಅಫೀಮಿನ ಕರಡಿಗೆಯೂ ಅವಶ್ಯಕ.

ಬಾಗಿಲಿನಿಂದಲೇ ಆ ಹಗೆಯ ಕಥೆ ಆರಂಭವಾಗುತ್ತದೆ. ಹೊದಿಸಿದ ತಗಡಿನ ಮೇಲೆ ಗುಂಡಿನೇಟಿನ ಗುರುತುಗಳು ಇಂದಿಗೂ ಕಾಣುತ್ತವೆ. ಕುಡಿದ ಮತ್ತಿನಲ್ಲಿಯೋ ದ್ವೇಷದಲ್ಲಿಯೋ ಇರುಳಿನಲ್ಲಿ ಕುದುರೆಯೇರಿ ಬಂದು ಚೀನೀಯರ ಮನೆಗಳತ್ತ ಗುಂಡು ಹಾರಿಸುವುದು ಆ ಕಾಲದ ಗಣಿಯೂರುಗಳಲ್ಲಿ ಕೆಲವರಿಗೆ ವಿನೋದವಾಗಿತ್ತು. ಗೋಡೆ ಇಷ್ಟು ದಪ್ಪ ಏಕೆ, ಕಿಟಕಿ ಇಷ್ಟು ಕಿರಿದು ಏಕೆ ಎಂದು ಕೇಳುವವರಿಗೆ ಆ ತಗಡು ಉತ್ತರ ಹೇಳುವುದು.

ಒಳಗೆ ಬಂದವರ ಕಣ್ಣು ಮೊದಲು ನೆಡುವುದು ಔಷಧದ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಹಲಗೆ. ಒಂದೊಂದರ ಮೇಲೂ ಒತ್ತೊತ್ತಾಗಿ ಜೋಡಿಸಿದ ತಗಡಿನ ಡಬ್ಬಿಗಳು, ಮರದ ಪೆಟ್ಟಿಗೆಗಳು, ಕಾಗದದ ಪೊಟ್ಟಣಗಳು, ಚೀನೀ ಲಿಪಿಯಲ್ಲಿ ಬರೆದ ಚೀಟಿಗಳು. ಬೇರು, ತೊಗಟೆ, ಬೀಜ, ಹೂವು, ಖನಿಜ, ಪ್ರಾಣಿಜನ್ಯ ಪದಾರ್ಥ ಎಲ್ಲ ಸೇರಿ ಐನೂರಕ್ಕೂ ಮಿಕ್ಕ ಔಷಧದ್ರವ್ಯಗಳನ್ನು ಇಲ್ಲಿ ಗುರುತಿಸಿದ್ದಾರೆ. ಒಣಗಿಸಿದ ಕರಡಿಯ ಪಂಜವೂ ಅವುಗಳಲ್ಲೊಂದು. ನಮ್ಮ ಊರುಗಳ ಹಳೆಯ ಗ್ರಂಥಿಗೆ ಅಂಗಡಿಯನ್ನು ಕಂಡವರಿಗೆ ಈ ಕೋಣೆ ಪರಕೀಯವೆನಿಸದು. ಡಾಕ್ ಹೇಯ ಚಿಕಿತ್ಸೆಯ ಮೂಲ ನಾಡೀಪರೀಕ್ಷೆ. ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನಿಟ್ಟು, ಒಂದೊಂದು ಬೆರಳಿನ ಕೆಳಗಿನ ಮಿಡಿತವನ್ನೂ ಒಮ್ಮೆ ಹಗುರವಾಗಿ ಒಮ್ಮೆ ಒತ್ತಿ ಗಮನಿಸಿ, ಎರಡು ಕೈಗಳನ್ನೂ ಹೋಲಿಸಿ, ದೇಹದೊಳಗಿನ ಯಾವ ಅಂಗ ನಲುಗಿದೆಯೆಂದು ನಿರ್ಣಯಿಸುವ ಆ ಕ್ರಮ, ವಾತ ಪಿತ್ತ ಕಫಗಳನ್ನು ಅದೇ ಮೂರು ಬೆರಳುಗಳಿಂದ ಅರಸುವ ನಮ್ಮ ವೈದ್ಯರದಕ್ಕೆ ಬಹು ಸಮೀಪದ್ದು. ನಿರ್ಣಯವಾದ ಮೇಲೆ ಹತ್ತಾರು ಮೂಲಿಕೆಗಳನ್ನು ತೂಗಿ ಬೆರಸಿ, ಕುದಿಸಿ, ಕಷಾಯವನ್ನು ಕುಡಿಸುವುದು. ಪೆನಿಸಿಲಿನ್ ಇನ್ನೂ ಬಾರದ ಆ ದಿನಗಳಲ್ಲಿ, ಬೇಲಿಯ ತಂತಿ ತಾಗಿಯೋ ಹತಾರ ತಗುಲಿಯೋ ಗಾಯವಾಗಿ ನಂಜೇರಿದ ದನಗಾಹಿಗಳೂ ಒಕ್ಕಲಿಗರೂ ಈತನಲ್ಲಿಗೆ ಬರುತ್ತಿದ್ದರು. ರಕ್ತಕ್ಕೆ ವಿಷವೇರಿದ ಅಂಥವರನ್ನು ಗುಣಪಡಿಸುವುದರಲ್ಲಿ ಆತನ ಕೈಗುಣ ದೂರದೂರಕ್ಕೆ ಹೆಸರಾಗಿತ್ತು. ವಯಸ್ಸಾದಂತೆ ಆತನ ದೃಷ್ಟಿ ಮಂದವಾಗುತ್ತ ಬಂದು ಕಡೆಗೆ ಬಹುತೇಕ ಅಂಧನೇ ಆದನು. ಆದರೂ ಬೆರಳುಗಳು ತಮ್ಮ ಕೆಲಸವನ್ನು ಬಿಡಲಿಲ್ಲ.

ರೋಗಿಗಳು ಬಹುಮಟ್ಟಿಗೆ ಬಿಳಿಯರು. ಚೀನೀಯರನ್ನು ನಾಡಿನೊಳಕ್ಕೆ ಬಿಡಬಾರದೆಂಬ ಶಾಸನ ಜಾರಿಯಲ್ಲಿದ್ದ ಕಾಲದಲ್ಲಿಯೇ, ಆ ಶಾಸನಕ್ಕೆ ಒಪ್ಪಿಗೆಯಿತ್ತ ಜನಸಮೂಹದ ನಡುವಿನಿಂದಲೇ, ಜ್ವರದ ಮಗುವನ್ನು ಎತ್ತಿಕೊಂಡು ತಾಯಂದಿರು ಈ ತಗಡಿನ ಬಾಗಿಲನ್ನು ತಟ್ಟುತ್ತಿದ್ದರು. ಪರವಾನಗಿಯಿಲ್ಲದೆ ವೈದ್ಯ ಮಾಡುತ್ತಾನೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆತನ ಮೇಲೆ ಮೊಕದ್ದಮೆ ಹೂಡಿದಾಗ, ಆತನನ್ನು ಅಪರಾಧಿಯೆನ್ನಲು ಊರಿನ ಜೂರಿಗಳು ಒಪ್ಪಲಿಲ್ಲ. ಈ ಸಂಗತಿಯನ್ನು ಮುಂದಿಟ್ಟು, ಊರಿನವರು ಮೊದಲಿನಿಂದಲೂ ಉದಾರಿಗಳೆಂದು ಸಾಧಿಸಲು ಹೊರಡುವುದು ಸಲ್ಲದು. ಜೂರಿಯ ತೀರ್ಪೂ ತಗಡಿನ ಮೇಲಿನ ಗುಂಡಿನ ಗುರುತೂ ಒಂದೇ ಊರಿನವು, ಒಂದನ್ನು ನೆನೆದು ಇನ್ನೊಂದನ್ನು ಮರೆಯುವುದು ಇತಿಹಾಸಕ್ಕೆ ಮಾಡುವ ಅಪಚಾರ.

ಕಟ್ಟಡದಲ್ಲಿ ದೊರೆತ ವಸ್ತುಗಳಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕಿದುದು ಔಷಧವೂ ಅಲ್ಲ, ವಿಗ್ರಹವೂ ಅಲ್ಲ. ಡಾಕ್ ಹೇಯ ಮಂಚದ ಕೆಳಗೆ ಸಿಕ್ಕಿದ ಚೆಕ್ಕುಗಳ ಕಟ್ಟು. ರೋಗಿಗಳು ಕೊಟ್ಟು, ಆತನು ಬ್ಯಾಂಕಿಗೆ ಒಯ್ಯದೆಯೇ ಇಟ್ಟ ಆ ಚೆಕ್ಕುಗಳ ಮೊತ್ತ 23,000 ಡಾಲರನ್ನೂ ಮೀರಿತ್ತು. ಆ ಕಾಲದಲ್ಲಿ ಅದು ಹಲವು ಮನೆಗಳನ್ನು ಕೊಳ್ಳಬಹುದಾದ ಹಣ. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಒಕ್ಕಲಿಗರ ಖಾತೆಯಲ್ಲಿ ಹಣವಿಲ್ಲವೆಂಬುದನ್ನು ಬಲ್ಲ ವೈದ್ಯನು, ಚೆಕ್ಕನ್ನು ಸ್ವೀಕರಿಸಿ ಅವರ ಮಾನವನ್ನು ಕಾಪಾಡಿ, ನಗದು ಮಾಡಿಸಿಕೊಳ್ಳದೆ ಅವರ ಮನೆಯನ್ನೂ ಕಾಪಾಡಿದನೆಂದು ಅಲ್ಲಿನವರು ಹೇಳುವುದುಂಟು. ಆತನ ಮನಸ್ಸಿನಲ್ಲಿದ್ದುದನ್ನು ಆತನು ಬರೆದಿಡಲಿಲ್ಲ. ಚೆಕ್ಕುಗಳು ಮಾತ್ರ ಇವೆ: ಒಂದೊಂದರಲ್ಲೂ ಒಂದು ಹೆಸರು, ಒಂದು ತಾರೀಖು, ಒಂದು ಮೊತ್ತ, ಒಂದು ರುಜು. ಅಂಗಡಿಯ ಕಿರ್ದಿಯಲ್ಲಿ ಉದ್ರಿಯಾಗಿ ಕೊಂಡವರ ಲೆಕ್ಕಗಳೂ ಹೀಗೆಯೇ ಇವೆ. ತೀರಿದುವೂ ಉಂಟು, ತೀರದುವೂ ಉಂಟು.

ಪತ್ರಗಳನ್ನು ಕುರಿತು ಹೇಳದೆ ಮುಂದುವರಿಯುವಂತಿಲ್ಲ. ಚೀನೀ ಭಾಷೆಯ ಪತ್ರಗಳೂ ಲೆಕ್ಕಪತ್ರಗಳೂ ಇಲ್ಲಿ ರಾಶಿರಾಶಿಯಾಗಿ ದೊರೆತುವು. ಹಳ್ಳಿಯಿಂದ ಬಂದವು, ಹಳ್ಳಿಗೆ ಹೋಗಬೇಕಾಗಿದ್ದವು, ಗುಡ್ಡದ ಗಣಿಯಲ್ಲಿರುವ ಯಾರಿಗೋ ಸೇರಬೇಕಾಗಿದ್ದು ಅವನು ಮತ್ತೆ ಬಾರದ್ದರಿಂದ ಅಂಗಡಿಯಲ್ಲಿಯೇ ನಿಂತವು. ಲುಂಗ್ ಆನ್ ತಾನೇ ಹೆಂಡತಿಯನ್ನೂ ಮಗಳನ್ನೂ ಚೀನಾದಲ್ಲಿ ಬಿಟ್ಟು ಬಂದವನು. ಇಂಗ್ ಹೇಯ ಸಂಸಾರವೂ ಅಲ್ಲಿಯೇ ಉಳಿದಿತ್ತು. ಹೋಗಿಬರುವುದು ದುಸ್ತರ, ಕೂಲಿಗಾರನಿಗಂತೂ ಹೋದರೆ ಹಿಂತಿರುಗುವ ಬಾಗಿಲೇ ಮುಚ್ಚಿತ್ತು. 1892ರ ತರುವಾಯ ಇಲ್ಲಿಯೇ ಇರುವುದಕ್ಕೂ ಭಾವಚಿತ್ರ ಅಂಟಿಸಿದ ಪರವಾನಗಿ ಪತ್ರವನ್ನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗಬೇಕಾಗಿತ್ತು. ಹೀಗಾಗಿ ಐದು ವರ್ಷ ದುಡಿದು ಹಿಂತಿರುಗುವೆನೆಂದು ಹೊರಟವನ ಐದು ವರ್ಷ ಐವತ್ತಾಗುತ್ತಿತ್ತು. ಸತ್ತ ಮೇಲಾದರೂ ಎಲುಬುಗಳು ತಾಯ್ನೆಲಕ್ಕೆ ಸೇರಲೆಂದು ಚೀನೀ ಸಂಘಗಳು ಹೂತ ದೇಹಗಳನ್ನು ಕೆಲವು ವರ್ಷಗಳ ಬಳಿಕ ಅಗೆದು, ಅಸ್ಥಿಗಳನ್ನು ಪೆಟ್ಟಿಗೆಯಲ್ಲಿರಿಸಿ ಹಾಂಗ್‌ಕಾಂಗಿನ ಮೂಲಕ ಹಳ್ಳಿಗಳಿಗೆ ಕಳುಹಿಸುವ ಪದ್ಧತಿಯಿತ್ತು. 1940ರಲ್ಲಿ ತೀರಿಕೊಂಡ ಲುಂಗ್ ಆನ್‌ನಿಗಾಗಲಿ, 1952ರಲ್ಲಿ ತೀರಿಕೊಂಡ ಇಂಗ್ ಹೇಗಾಗಲಿ ಅದು ಒದಗಲಿಲ್ಲ. ಇಬ್ಬರ ಸಮಾಧಿಗಳೂ ಜಾನ್ ಡೇಯಲ್ಲಿವೆ.

ಕಟ್ಟಡ ಉಳಿದ ಬಗೆಯೂ ವಿಲಕ್ಷಣವಾದುದು. 1948ರಲ್ಲಿ ಡಾಕ್ ಹೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡನು. ಬಾಗಿಲಿಗೆ ಬೀಗ ಹಾಕಿ, ಬೇಗ ಹಿಂತಿರುಗುವ ಆಸೆಯಿಂದಲೇ ಪೋರ್ಟ್‌ಲೆಂಡಿಗೆ ಚಿಕಿತ್ಸೆಗೆ ಹೋದವನು ಮರಳಿ ಬರಲಿಲ್ಲ. ಆತನ ಬಳಿಕ ಬಂಧುವಾದ ಬಾಬ್ ವಾ ಎಂಬಾತನು, ಇದನ್ನು ಸಂಗ್ರಹಾಲಯವಾಗಿ ಮಾಡಬೇಕೆಂಬ ಷರತ್ತಿನೊಡನೆ, 1955ರಲ್ಲಿ ಕಟ್ಟಡವನ್ನು ನಗರಸಭೆಗೆ ಒಪ್ಪಿಸಿದನು. ನಗರಸಭೆ ಅದನ್ನು ಮರೆತುಬಿಟ್ಟಿತು. 1967ರಲ್ಲಿ ಸುತ್ತಣ ಜಾಗವನ್ನು ಉದ್ಯಾನವನ್ನಾಗಿ ಮಾಡುವ ಯೋಜನೆ ಬಂದು ಹಳೆಯ ದಾಖಲೆಗಳನ್ನು ತೆರೆದಾಗಲೇ ಅದು ತಮ್ಮ ಸ್ವತ್ತೆಂಬುದು ಅಧಿಕಾರಿಗಳಿಗೆ ತಿಳಿದುದು. ಬೀಗ ತೆಗೆದು ನೋಡಿದರೆ ಹಲಗೆಗಳ ಮೇಲೆ ಸರಕು, ಡಬ್ಬಿಗಳಲ್ಲಿ ಮೂಲಿಕೆ, ಹೊಗೆಯಿಂದ ಕರ್ರಗಾದ ಸೂರು, ದೇವರ ಪೀಠದ ಮುಂದೆ ಒಣಗಿ ಕಲ್ಲಾದ ನೈವೇದ್ಯದ ಹಣ್ಣು! ಪೂರ್ವ ಆರೆಗನ್ನಿನ ಒಣಹವೆ ಎಲ್ಲವನ್ನೂ ಕಾಪಾಡಿತ್ತು. 1970ರ ದಶಕದಲ್ಲಿ ಕಟ್ಟಡವನ್ನು ದುರಸ್ತಿಗೊಳಿಸಿ ಸಂಗ್ರಹಾಲಯವನ್ನಾಗಿ ತೆರೆದರು. 2005ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಈಗ ಆರೆಗನ್ ರಾಜ್ಯದ ಉದ್ಯಾನ ಇಲಾಖೆಯ ರಕ್ಷಣೆಯಲ್ಲಿದೆ. ಮಸಿಯನ್ನು ತೊಳೆಯದೆ, ಡಬ್ಬಿಗಳನ್ನು ಗಾಜಿನ ಪೆಟ್ಟಿಗೆಗೆ ಸಾಗಿಸದೆ, ಇದ್ದ ಸ್ಥಾನದಲ್ಲಿಯೇ ಉಳಿಸಿದ ಅವರ ವಿವೇಕವನ್ನು ಎಷ್ಟು ಶ್ಲಾಘಿಸಿದರೂ ಸಾಲದು. ಗೋಡೆಯ ಮಸಿ ತೊಳೆದಿದ್ದರೆ ಅರವತ್ತು ವರ್ಷಗಳ ಒಲೆಯ ಹೊಗೆಯೂ ಧೂಪದ ಹೊಗೆಯೂ ಒಟ್ಟಿಗೆ ಹೋಗಿಬಿಡುತ್ತಿದ್ದುವು.

ಎಷ್ಟೋ ಕಡೆ ಹೀಗಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ವಲಸೆಗಾರರನ್ನು ಕೂಡಿಹಾಕುತ್ತಿದ್ದ ಠಾಣೆಯ ಮರದ ಗೋಡೆಗಳ ಮೇಲೆ ಬಂದಿಗಳು ಕೆತ್ತಿದ್ದ ಚೀನೀ ಕವಿತೆಗಳು, ಕಟ್ಟಡವನ್ನು ಕೆಡಹುವುದಕ್ಕೆ ಮುನ್ನ, 1970ರಲ್ಲಿ ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನರಕ್ಷಕನ ಕಣ್ಣಿಗೆ ಬಿದ್ದುದರಿಂದ ಉಳಿದುವು. ಅಂಥ ಕಣ್ಣು ಬೀಳದೆ ನೆಲಸಮವಾದ ಚೀನೀ ಕೇರಿಗಳು ಅಮೆರಿಕದ ಪಶ್ಚಿಮದಲ್ಲಿ ಊರೂರಿಗೂ ಇದ್ದುವು.

ಇದು ಚೀನೀಯರ ಕಥೆ, ನಮಗೇನೆಂದು ಭಾರತೀಯರು ಸುಮ್ಮನಿರುವಂತಿಲ್ಲ. ಇದೇ ಆರೆಗನ್ನಿನ ಆಸ್ಟೋರಿಯ ಎಂಬ ನದೀಮುಖದ ಊರಿನ ಮರದ ಮಿಲ್ಲುಗಳಲ್ಲಿ ಪಂಜಾಬಿನ ಕೂಲಿಗಾರರು ದುಡಿಯುತ್ತಿದ್ದರು. 1913ರಲ್ಲಿ ಸೋಹನ್ ಸಿಂಗ್ ಭಕ್ನಾ, ಲಾಲಾ ಹರದಯಾಳ್ ಮೊದಲಾದವರು ಕೂಡಿ ಗದರ್ ಚಳವಳಿಗೆ ಅಸ್ತಿಭಾರ ಹಾಕಿದುದು ಅಲ್ಲಿಯೇ. ಚೀನೀಯರಿಗೆ 1882ರಲ್ಲಿ ಮುಚ್ಚಿದ ಬಾಗಿಲನ್ನು 1917ರಲ್ಲಿ ಭಾರತೀಯರಿಗೂ ಮುಚ್ಚಿದರು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಭಗತ್ ಸಿಂಗ್ ಥಿಂಡ್‌ಗೆ ಪೌರತ್ವ ಸಲ್ಲದೆಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಬಾಗಿಲು ಕೊಂಚ ತೆರೆದಾಗಲೂ ಅಳತೆ ಒಂದೇ ಬಗೆಯದು: 1943ರಲ್ಲಿ ಚೀನೀಯರಿಗೆ ವರ್ಷಕ್ಕೆ 105 ಮಂದಿ, 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ 100 ಮಂದಿ. ಇಂದು ಪೋರ್ಟ್‌ಲೆಂಡಿನ ಸುತ್ತಮುತ್ತಲಿನ ಹಿಲ್ಸ್‌ಬರೊ, ಬೀವರ್ಟನ್ ಊರುಗಳಲ್ಲಿ ನೆಮ್ಮದಿಯಾಗಿ ನೆಲಸಿರುವ ನಮ್ಮವರು ಕಾಲಿಟ್ಟ ಹಾದಿ, ಅವರಿಗಿಂತ ಮುಂಚೆ ಬಂದು ಏಟು ತಿಂದ ಇವರೆಲ್ಲರೂ ಸವೆಸಿದ ಹಾದಿ.

ಆದುದರಿಂದ, ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಾಣಲು ಬೇಸಗೆಯಲ್ಲಿ ಆ ಸೀಮೆಗೆ ಹೋಗುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಜಲಪಾತಗಳನ್ನೂ ಸಮುದ್ರತೀರವನ್ನೂ ಅವಶ್ಯವಾಗಿ ನೋಡಿ. ಒಂದೆರಡು ದಿನ ಬಿಡುವು ಮಾಡಿಕೊಂಡು, ಮೊಮ್ಮಕ್ಕಳನ್ನು ಜೊತೆಗೆ ಕರೆದುಕೊಂಡು, ಜಾನ್ ಡೇಗೂ ಹೋಗಿಬನ್ನಿ. ಕಾಮ್ ವಾ ಚುಂಗ್ ಸಂಗ್ರಹಾಲಯ ವಾಡಿಕೆಯಾಗಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ತೆರೆದಿರುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ; ಮಾರ್ಗದರ್ಶಕರೊಡನೆ ಚಿಕ್ಕ ಚಿಕ್ಕ ತಂಡಗಳಾಗಿ ಒಳಗೆ ಬಿಡುತ್ತಾರೆ; ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ.